ಕಪ್ಪು ಕೋಟಿಂಗ್ ಚೆನ್ನಾಗಿಯೇ ಇತ್ತು

ಕಾರನ್ನು ಲಿಫ್ಟ್‌ಗೆ ಏರಿಸಿದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಅಡಿಭಾಗವನ್ನೆಲ್ಲ ಕುಟ್ಟಿ ನೋಡುವುದು ನನ್ನ ಅಭ್ಯಾಸ. ತಗಡು ಗಟ್ಟಿಯಿದ್ದರೆ ಟಣ್ ಅನ್ನುತ್ತದೆ. ಆ ದಿನ ಡ್ರೈವರ್ ಸೀಟಿನ ಕೆಳಗೆ ಕುಟ್ಟಿದಾಗ ಒದ್ದೆ ರಟ್ಟಿಗೆ ಹೊಡೆದ ಹಾಗೆ ಕೇಳಿಸಿತು. ಮೊನೆ ಇಟ್ಟು ಒತ್ತಿದೆ, ಸೀದಾ ಒಳಗೆ ಹೋಯಿತು. ತುಕ್ಕು ಹಿಡಿಯದಿರಲೆಂದು ಅಡಿಭಾಗಕ್ಕೆ ಹೊಡೆಯುವ ಕಪ್ಪು ಕೋಟಿಂಗ್ ಮಾತ್ರ ಮೇಲೆ ಚೆನ್ನಾಗಿಯೇ ಇತ್ತು. ಎರಡು ವರ್ಷದ ಹಿಂದೆ ಅದನ್ನು ಹೊಡೆದವನು ನಾನೇ.

ನಾನಿರುವುದು ಉಡುಪಿ ಹತ್ತಿರದ ಒಂದು ಗ್ಯಾರೇಜಿನಲ್ಲಿ. ಕಾರು ಮರವಂತೆ ಕಡೆಯ ಒಬ್ಬ ರಿಟೈರ್ಡ್ ಮಾಷ್ಟ್ರದ್ದು. ಮರವಂತೆ ಗೊತ್ತಲ್ಲ? ಹೆದ್ದಾರಿ 66ರ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ನೋಡಲು ಚಂದ, ಕಾರಿನ ತಗಡಿಗೆ ಕಷ್ಟ. ಬರೀ ನೀರು ತಾಗಿದರೆ ತುಕ್ಕು ನಿಧಾನಕ್ಕೆ ಬರುತ್ತದೆ. ಅದಕ್ಕೆ ಉಪ್ಪು ಸೇರಿದರೆ ಓಟ. ಉಪ್ಪು ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಮಳೆ ಬಿಟ್ಟ ಮೇಲೂ ತಗಡು ಪೂರ್ತಿ ಒಣಗುವುದಿಲ್ಲ. ಸಾಲದ್ದಕ್ಕೆ ನಮ್ಮಲ್ಲಿ ಉಪ್ಪುನೀರು ಸುರಿಸುತ್ತಾ ಹೋಗುವ ಮೀನು ಲಾರಿಗಳು. ಅದರ ಹಿಂದೆ ಹತ್ತು ಕಿಲೋಮೀಟರ್ ಹೋದರೆ ಮೂಗಿಗೆ ಮಾತ್ರ ಅಲ್ಲ, ಕಾರಿನ ಹೊಟ್ಟೆಗೂ ಗೊತ್ತಾಗುತ್ತದೆ.

ಮಾಷ್ಟ್ರು ಬಗ್ಗಿ ನೋಡಿದರು. "ಎಂತ ಮಾರಾಯ, ಇನ್ನು ಹೆದರಿಕೆ ಇಲ್ಲ ಅಂತ ನೀನೇ ಅಲ್ವಾ ಹೇಳಿದ್ದು?"

ಹೇಳಿದ್ದೆ. ಆಗ ಜೂನ್ ಮೊದಲ ವಾರ. ಮಳೆ ಶುರುವಾದ ಕೂಡಲೇ ಎಲ್ಲರಿಗೂ ಅಂಡರ್‌ಬಾಡಿ ಕೋಟಿಂಗ್ ನೆನಪಾಗುತ್ತದೆ. ಐದು ಕಾರು ಸಾಲಿನಲ್ಲಿದ್ದವು. ಬೆಳಿಗ್ಗೆ ಪ್ರೆಶರ್ ನೀರಿನಲ್ಲಿ ತೊಳೆದೆ, ಗಾಳಿ ಊದುವ ಏರ್ ಗನ್ ಹಿಡಿದೆ, ಕೈಗೆ ಒಣಗಿದ ಹಾಗೆ ಅನ್ನಿಸಿತು. ಮಧ್ಯಾಹ್ನ ಹೊಡೆದು ಸಂಜೆ ಕಾರು ಕೊಟ್ಟೆ. ಪಳಪಳ ಹೊಳೆಯುತ್ತಿತ್ತು. ಫೋಟೋ ಕೂಡ ತೆಗೆದಿದ್ದೆ, ಸುಮ್ನೆ ಸ್ಟೇಟಸ್‌ಗೆ ಹಾಕಲು.

ಈಗ ಆ ಕೋಟಿಂಗ್ ಕೆರೆದರೆ ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಕೆಂಪು ಪುಡಿ, ಪದರ ಪದರ ತುಕ್ಕು. ಎರಡು ತಗಡು ಒಂದರ ಮೇಲೊಂದು ಕೂತು ಸ್ಪಾಟ್ ವೆಲ್ಡ್ ಆಗಿರುತ್ತದಲ್ಲ, ಆ ಜೋಡಣೆಯ ಸಂದಿಯಲ್ಲಿ ಅವತ್ತು ನೀರು ಉಳಿದಿತ್ತು. ಏರ್ ಗನ್‌ಗೆ ಅದು ಸಿಗುವುದಿಲ್ಲ. ನೀರು ನುಗ್ಗದಂತೆ ಸಂದಿಗೆ ಕಂಪನಿಯಲ್ಲೇ ಮೆತ್ತಿದ ಸೀಲರ್ ಒಂದು ಕಡೆ ಬಿರಿದಿತ್ತು, ಅದನ್ನೂ ನಾನು ನೋಡಿರಲಿಲ್ಲ. ನೀರನ್ನು ಒಳಗಿಟ್ಟು ಮೇಲಿಂದ ಮುಚ್ಚಳ ಹಾಕಿದ್ದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ಉಬ್ಬುತ್ತಾ ಕೋಟಿಂಗನ್ನು ಒಳಗಿಂದಲೇ ಎಬ್ಬಿಸಿತು. ಕೋಟಿಂಗ್ ಇಲ್ಲದಿದ್ದರೆ ಕೆಂಪು ಕಲೆಯಾದರೂ ಮೊದಲೇ ಕಣ್ಣಿಗೆ ಬೀಳುತ್ತಿತ್ತು.

ಇನ್ನೊಂದು ತಪ್ಪು ಬಾಗಿಲ ಕೆಳಗಿನ ಸಿಲ್‌ನಲ್ಲಿ, ಅಂದರೆ ಅಲ್ಲಿನ ಟೊಳ್ಳು ಪಟ್ಟಿಯಲ್ಲಿ, ಸಿಕ್ಕಿತು. ಒಳಗೆ ಹೋದ ನೀರು ಇಳಿಯಲೆಂದು ಅಲ್ಲಿ ಸಣ್ಣ ತೂತುಗಳಿರುತ್ತವೆ. ಅವುಗಳ ಮೇಲೂ ಹೊಡೆದು ಮುಚ್ಚಿಬಿಟ್ಟಿದ್ದೆ. ತೂತು ಬಿಡಿಸಿದಾಗ ಹಳೆ ಮಳೆಗಾಲದ ನೀರು ಅಂಗೈ ಮೇಲೆ ಇಳಿಯಿತು. ಈಗ ಕೋಟಿಂಗ್‌ಗೆ ಮೊದಲು ತೂತುಗಳಿಗೆ ಪೇಪರ್ ಸುರುಳಿ ತುರುಕುತ್ತೇನೆ, ಆಮೇಲೆ ಕಿತ್ತು ಹಿಡಿಸೂಡಿ ಕಡ್ಡಿ ಹಾಕಿ ನೋಡುತ್ತೇನೆ. ಕಡ್ಡಿ ಸಲೀಸಾಗಿ ಹೋಗಬೇಕು.

ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಲು ಟಿಂಕರ್‌ಗೆ ಎರಡು ದಿನ ಹಿಡಿಯಿತು. ಅಂಚಿನಲ್ಲಿ ಉಳಿದ ತೆಳು ತುಕ್ಕಿಗೆ ರಸ್ಟ್ ಕನ್ವರ್ಟರ್ ಹಾಕಿದೆವು. ಅದು ತುಕ್ಕನ್ನು ಕಪ್ಪಗೆ ಗಟ್ಟಿ ಮಾಡುತ್ತದೆ. ಉದುರುವ ಪದರದ ಮೇಲೆ ಹಚ್ಚಿದರೆ ಮಾತ್ರ ದಂಡ, ವೈರ್ ಬ್ರಷ್‌ನಲ್ಲಿ ಉಜ್ಜಲೇಬೇಕು. ಆಮೇಲೆ ಎಪಾಕ್ಸಿ ಪ್ರೈಮರ್, ಸಂದಿಗೆ ಸೀಲರ್. ಹಿಂದೆ ರೆಡ್ ಆಕ್ಸೈಡ್ ಬಳಿದು ಮುಗಿಸುತ್ತಿದ್ದೆ. ಅಗ್ಗ ನಿಜ, ಆದರೆ ತೇವ ತಡೆಯುವುದರಲ್ಲಿ ಎಪಾಕ್ಸಿಯ ಹತ್ತಿರಕ್ಕೂ ಬರುವುದಿಲ್ಲ. ಖರ್ಚು ಮಾಷ್ಟ್ರಿಂದ ತೆಗೆದುಕೊಳ್ಳಲಿಲ್ಲ. ಗ್ಯಾರೇಜಿನ ಯಜಮಾನರು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಾವ ಕೋಟಿಂಗ್ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಹೆಚ್ಚಿನವರು ಎಲ್ಲದಕ್ಕೂ ಟೆಫ್ಲಾನ್ ಅನ್ನುತ್ತಾರೆ, ಇರಲಿ. ಡಾಂಬರು-ರಬ್ಬರ್ ಜಾತಿಯದ್ದು ಕಲ್ಲೇಟು ತಡೆಯುತ್ತದೆ, ಚಕ್ರದ ಮೇಲ್ಭಾಗಕ್ಕೆ ಒಳ್ಳೆಯದು. ಹಳೆಯದಾದಂತೆ ಗಟ್ಟಿಯಾಗಿ ಬಿರಿಯುತ್ತದೆ. ಮೇಣದ ಜಾತಿಯದ್ದು ಮೆತ್ತಗೇ ಉಳಿಯುತ್ತದೆ, ಸಂದಿಯೊಳಗೆ ಹರಿದು ಹೋಗುತ್ತದೆ. ಉದ್ದ ನಳಿಗೆಯಲ್ಲಿ ಸಿಲ್ ಒಳಗೂ ಹೊಡೆಯಬಹುದು. ಆದರೆ ನೀರಿಗೆ ಸವೆಯುತ್ತದೆ, ಆಗಾಗ ಮತ್ತೆ ಹಾಕಬೇಕು. ಕಡಲ ಬದಿಯವರಿಗೆ ಹೊರಗೆ ಮೊದಲನೆಯದು, ಒಳಗೆ ಎರಡನೆಯದು ಎನ್ನುತ್ತೇನೆ. ಬೆಂಗಳೂರಲ್ಲೇ ಓಡುವ ಹೊಸ ಕಾರಿಗೆ ಇಷ್ಟೆಲ್ಲ ಬೇಡ. ಕಾರಿನ ಇಡೀ ಬಾಡಿಯನ್ನು ಕಂಪನಿಯಲ್ಲೇ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿರುತ್ತಾರೆ.

ಸೈಲೆನ್ಸರ್, ಬ್ರೇಕ್ ಡಿಸ್ಕ್, ಕೀಲುಗಳನ್ನು ಮುಚ್ಚುವ ರಬ್ಬರ್ ಬೂಟ್, ಸೆನ್ಸರ್‌ಗಳಿಗೆ ಮಾತ್ರ ಮೊದಲೇ ಪ್ಲಾಸ್ಟಿಕ್ ಸುತ್ತಿ. ನಮ್ಮ ಹುಡುಗನೊಬ್ಬ ಸೈಲೆನ್ಸರ್‌ಗೂ ಬಳಿದು, ಅದು ಬಿಸಿಯಾಗಿ ಹೊಗೆ ಬಂದು, ಗಿರಾಕಿ ಕಾರಿಗೆ ಬೆಂಕಿ ಬಿತ್ತೆಂದು ನಡುರಸ್ತೆಯಲ್ಲಿ ಇಳಿದು ಓಡಿದ್ದರು.

ಜೂನ್‌ನಲ್ಲಿ ಈಗ ನಾನು ಕೋಟಿಂಗ್ ಒಪ್ಪಿಕೊಳ್ಳುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಬನ್ನಿ ಅನ್ನುತ್ತೇನೆ. ತೊಳೆದ ಮೇಲೆ ಕಾರು ಎರಡು ದಿನ ಬಿಸಿಲಲ್ಲಿ ನಿಲ್ಲಬೇಕು. ಕೆಲವರು ಬೇರೆ ಕಡೆ ಹೋಗುತ್ತಾರೆ, ಅಲ್ಲಿ ಅದೇ ಸಂಜೆ ಕಾರು ಸಿಗುತ್ತದೆ.

ಮಾಷ್ಟ್ರು ಈಗಲೂ ಬರುತ್ತಾರೆ. ಹೋದ ಮಾರ್ಚ್‌ನಲ್ಲಿ ಕೆಲಸ ಮುಗಿಸಿ ಫೋಟೋ ಕಳಿಸಲಾ ಅಂತ ಕೇಳಿದೆ. "ಹೊಡೆದ ಮೇಲಿನದ್ದು ನಂಗೆ ಬೇಡ," ಎಂದರು. "ಹೊಡೆಯುವ ಮೊದಲಿನದ್ದು ಉಂಟಾ?" ಜೇಬಿನಿಂದ ಟಾರ್ಚ್ ತೆಗೆದು ಲಿಫ್ಟ್ ಕೆಳಗೆ ನಡೆದರು.