ಮೊದಲ ಗುಂಪಿನಿಂದಲೇ ಕೂತು ನೋಡಿದ ಸ್ಕೇಟಿಂಗ್

ಏಪ್ರಿಲ್ 6, 2024, ಶನಿವಾರ
ಸೋಮವಾರಪೇಟೆ

ಕೆನಡಾದ ಮಾಂಟ್ರಿಯಲ್‌ನಿಂದ ಬಂದ ಮೇಲೆ ಬರೆಯೋಕೆ ಇವತ್ತು ಪುರುಸೊತ್ತು ಸಿಕ್ಕಿದೆ. ಕಾಫಿ ತೋಟಕ್ಕೆ ಹೂ ಅರಳಿಸುವ ಸರಿಯಾದ ಹೂಮಳೆ ಇನ್ನೂ ಬಿದ್ದಿಲ್ಲ, ಮನೆಯಲ್ಲಿ ಎಲ್ಲರದ್ದೂ ಅದೇ ಮಾತು. ಅದರ ನಡುವೆ ಬಂದವರೆಲ್ಲ ಕೇಳುತ್ತಾರೆ, ಅಷ್ಟು ದೂರ ಹೋಗಿ ಐಸ್ ಮೇಲೆ ಕುಣಿಯೋದನ್ನು ನೋಡಿದ್ರಾ ಅಂತ. ಹೌದು, ನೋಡಿದೆ. ವಿಶ್ವ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಶಿಪ್, ಬೆಲ್ ಸೆಂಟರ್, ಮಾರ್ಚ್ 18ರಿಂದ 24. ಇದೇ ಜಾಗದಲ್ಲಿ 2020ರಲ್ಲಿ ನಡೆಯಬೇಕಿತ್ತು, ಕೊರೋನಾ ಬಂದು ರದ್ದಾಗಿತ್ತು. ಅಕ್ಕನ ಮಗಳು ಮಾಂಟ್ರಿಯಲ್‌ನಲ್ಲೇ ಕೆಲಸದಲ್ಲಿದ್ದಾಳೆ, ಹಾಗಾಗಿ ಉಳಿದುಕೊಳ್ಳೋಕೆ ಮನೆ ಇತ್ತು.

ಪದಕದ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ನಾನು ಬರೆಯಬೇಕು ಅಂದುಕೊಂಡಿದ್ದು ಶನಿವಾರದ ಬಗ್ಗೆ, ಗಂಡಸರ ಫ್ರೀ ಸ್ಕೇಟ್.

ಸ್ಪರ್ಧೆ ಎರಡು ಸುತ್ತು, ಮೊದಲು ಚಿಕ್ಕದಾದ ಶಾರ್ಟ್ ಪ್ರೋಗ್ರಾಂ, ಆಮೇಲೆ ಉದ್ದದ ಫ್ರೀ ಸ್ಕೇಟ್, ಎರಡರ ಅಂಕ ಕೂಡಿಸಿ ಸ್ಥಾನ. ಶಾರ್ಟ್ ಪ್ರೋಗ್ರಾಂ ಆದ ಮೇಲೆ 24 ಜನ ಮಾತ್ರ ಫ್ರೀ ಸ್ಕೇಟ್‌ಗೆ ಬರುತ್ತಾರೆ. ಆರಾರು ಜನರ ಗುಂಪು, ಕೊನೆಯ ಸ್ಥಾನದವರು ಮೊದಲು. ಪದಕ ಗೆಲ್ಲುವವರೆಲ್ಲ ಕೊನೆಯ ಗುಂಪಿನಲ್ಲೇ ಇರುತ್ತಾರೆ ಅನ್ನೋದು ಲೆಕ್ಕ. ಅದಕ್ಕೇ ಅಕ್ಕನ ಮಗಳು, "ಚಿಕ್ಕಮ್ಮ, ಊಟ ಮಾಡ್ಕೊಂಡು ಆರಾಮಾಗಿ ಹೋಗೋಣ, ಮೊದಲ ಗುಂಪು ನೋಡ್ಲೇಬೇಕಾ?" ಅಂದಳು. ನೋಡಲೇಬೇಕು ಅಂದೆ. ಶುರುವಾಗುವಾಗ ನಮ್ಮ ಸುತ್ತಮುತ್ತ ಎಷ್ಟೋ ಕುರ್ಚಿ ಖಾಲಿ.

ಆ ಮೊದಲ ಗುಂಪಿನಲ್ಲೇ ಬಂದದ್ದು ಫ್ರಾನ್ಸ್‌ನ ಆಡಂ ಸಿಯಾವೊ ಹಿಮ್ ಫಾ. ಯುರೋಪಿನ ಚಾಂಪಿಯನ್, ಶಾರ್ಟ್ ಪ್ರೋಗ್ರಾಂ ಕೆಟ್ಟು 19ನೇ ಜಾಗಕ್ಕೆ ಹೋಗಿದ್ದ. ಇನ್ನು ಕಳೆದುಕೊಳ್ಳೋಕೆ ಏನೂ ಇಲ್ಲ ಅನ್ನುವ ಹಾಗೆ ಸ್ಕೇಟ್ ಮಾಡಿದ, ಒಂದಾದ ಮೇಲೆ ಒಂದು ನಾಲ್ಕು ಸುತ್ತಿನ ಜಿಗಿತ (ಕ್ವಾಡ್), ಮಧ್ಯೆ ಎಲ್ಲೂ ಉಸಿರು ತೆಗೆದುಕೊಂಡ ಹಾಗೇ ಕಾಣಲಿಲ್ಲ, ಸಾಲದ್ದಕ್ಕೆ ಹಿಂದಕ್ಕೆ ಒಂದು ಲಾಗ ಬೇರೆ. ಸ್ಪರ್ಧೆಯಲ್ಲಿ ಆ ಲಾಗಕ್ಕೆ ಆಗ ನಿಷೇಧ ಇತ್ತು, ಎರಡು ಅಂಕ ಕಡಿತ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್‌ನವಳೇ ಆದ ಸೂರ್ಯಾ ಬೊನಾಲಿ ಹಾಗೆ ಹಾರಿ ಒಂದೇ ಕಾಲಿನಲ್ಲಿ ಇಳಿದಿದ್ದಳು. ಇವನೂ ಅಂಕ ಹೋಗುತ್ತೆ ಅಂತ ಗೊತ್ತಿದ್ದೇ ಹಾರಿದ. ಖಾಲಿ ಕುರ್ಚಿಗಳ ನಡುವೆ ಇದ್ದಷ್ಟು ಜನ ಎದ್ದು ನಿಂತು ಕೂಗಿದೆವು.

ಒಟ್ಟು 284.39. ಬೋರ್ಡಿನಲ್ಲಿ ಮೊದಲ ಸ್ಥಾನ. ಅಲ್ಲಿಂದ ಕಾಯೋದು ಶುರುವಾಯಿತು. ಒಬ್ಬೊಬ್ಬರು ಬರುತ್ತಾರೆ, ಅಂಕ ಬರುತ್ತೆ, ಅವನ ಹೆಸರು ಮಾತ್ರ ಅಲ್ಲೇ. ಎರಡನೇ ಗುಂಪು ಮುಗಿಯಿತು, ಮೂರನೆಯದೂ ಮುಗಿಯಿತು. ಜನ ಬಂದು ಸ್ಟೇಡಿಯಂ ತುಂಬಿತು. ಹೊಸದಾಗಿ ಬಂದವರು ಬೋರ್ಡ್ ನೋಡಿ ಇದೇನು ಅಂತ ನಮ್ಮನ್ನೇ ಕೇಳುತ್ತಿದ್ದರು! ಕೊನೆಗೆ ಅವನನ್ನು ದಾಟಿದವರು ಇಬ್ಬರೇ, ಅಮೆರಿಕದ ಇಲಿಯಾ ಮಲಿನಿನ್ ಮತ್ತು ಜಪಾನಿನ ಯೂಮಾ ಕಗಿಯಾಮಾ. ಶಾರ್ಟ್ ಪ್ರೋಗ್ರಾಂನಲ್ಲಿ ಮೊದಲಿದ್ದ ಶೋಮಾ ಊನೊ ನಾಲ್ಕಕ್ಕೆ ಇಳಿದ. 19ರಿಂದ ಕಂಚು.

ಮೊದಲಿನಿಂದಲೇ ಕೂತು ಯಾಕೆ ನೋಡಬೇಕು ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಕೊಡವ ಕುಟುಂಬಗಳ ಹಾಕಿ ಹಬ್ಬ, ಕುಂಡ್ಯೋಳಂಡ ಕುಟುಂಬ ನಡೆಸಿದ್ದು, ನಾಪೋಕ್ಲುವಿನಲ್ಲಿ, 360 ಕುಟುಂಬದ ತಂಡಗಳು. ಮೊದಲ ಸುತ್ತಿನ ಮ್ಯಾಚಿಗೂ ಆಡುವ ಒಕ್ಕದ (ಕುಟುಂಬದ) ಅಜ್ಜ, ಅಜ್ಜಿ, ಮಕ್ಕಳು ಎಲ್ಲ ಗ್ಯಾಲರಿಯಲ್ಲಿ ಇರುತ್ತಾರೆ. ಫೈನಲ್ ದಿನ ಮಾತ್ರ ಬರುವವರಿಗೆ ಹಾಕಿ ಹಬ್ಬ ಅಂದರೆ ಏನು ಅಂತ ಅರ್ಧ ಮಾತ್ರ ಗೊತ್ತು.

ಮಲಿನಿನ್ ಬಗ್ಗೆ ಬರೆಯದೆ ಇರೋಕೆ ಆಗೋದಿಲ್ಲ. ಕ್ವಾಡ್ ಆಕ್ಸೆಲ್ ಅಂದರೆ ಗಾಳಿಯಲ್ಲಿ ನಾಲ್ಕೂವರೆ ಸುತ್ತು, ಯಾಕಂದರೆ ಆ ಒಂದು ಜಿಗಿತಕ್ಕೆ ಮಾತ್ರ ಮುಖ ಮುಂದೆ ಮಾಡಿ ಹಾರುತ್ತಾರೆ, ಇಳಿಯೋದು ಹಿಂದಕ್ಕೆ. ಸ್ಪರ್ಧೆಯಲ್ಲಿ ಅದನ್ನು ಮೊದಲು ಮಾಡಿದ್ದು ಇವನೇ, 2022ರಲ್ಲಿ. ಮಾಂಟ್ರಿಯಲ್‌ನಲ್ಲಿ ಆ ಶನಿವಾರ ಅದೂ ಸೇರಿ ಆರು ಕ್ವಾಡ್, ಫ್ರೀ ಸ್ಕೇಟ್‌ಗೆ 227.79, ಆಗಿನ ವಿಶ್ವ ದಾಖಲೆ. ಕೊನೆಯಲ್ಲಿ ಜನರ ಕೂಗಿಗೆ ಸಂಗೀತ ಕೇಳಿಸಲೇ ಇಲ್ಲ. ನನ್ನ ಕೈ ನಡುಗುತ್ತಿತ್ತು, ಫೋಟೋ ಒಂದೂ ಸರಿಯಾಗಿ ಬಂದಿಲ್ಲ.

ಆದರೆ ನೇರ ನೋಡಿದಾಗಲೇ ನಿಜವಾಗಿ ತಿಳಿಯೋದು ವೇಗ. ಟಿವಿಯಲ್ಲಿ ಕ್ಯಾಮೆರಾ ಅವರ ಜೊತೆಗೇ ಓಡುತ್ತದೆ, ಹಾಗಾಗಿ ಎಲ್ಲರೂ ಒಂದೇ ವೇಗದಲ್ಲಿ ಹೋಗುವ ಹಾಗೆ ಕಾಣುತ್ತದೆ. ಮೇಲಿನ ಸೀಟಿನಲ್ಲಿ ಕೂತರೆ ಇಡೀ ಐಸ್ ಕಣ್ಣ ಮುಂದೆ ಇರುತ್ತೆ. ಜಪಾನಿನ ಕವೊರಿ ಸಕಾಮೊಟೊ ಎರಡು ಹೆಜ್ಜೆ ತಳ್ಳಿದರೆ ಈ ತುದಿಯಿಂದ ಆ ತುದಿಯ ಹತ್ತಿರ ಇರುತ್ತಾಳೆ, ಅದೇ ವೇಗದಲ್ಲಿ ಜಿಗಿದು ಅದೇ ವೇಗದಲ್ಲಿ ಇಳಿಯುತ್ತಾಳೆ. ಅವಳು ಕ್ವಾಡ್ ಹಾರೋದಿಲ್ಲ, ಮೂರೂವರೆ ಸುತ್ತಿನ ಟ್ರಿಪಲ್ ಆಕ್ಸೆಲ್ ಕೂಡ ಇಲ್ಲ. ಶಾರ್ಟ್‌ನಲ್ಲಿ ನಾಲ್ಕನೇ ಜಾಗದಲ್ಲಿದ್ದವಳು ಶುಕ್ರವಾರ ಚಿನ್ನ ಗೆದ್ದಳು, ಸತತ ಮೂರನೇ ವರ್ಷ. ಹೆಂಗಸರಲ್ಲಿ ಹಾಗೆ ಮೂರು ಸಲ ಬಿಡದೆ ಗೆದ್ದವಳು ಇದಕ್ಕೆ ಮೊದಲು ಪೆಗ್ಗಿ ಫ್ಲೆಮಿಂಗ್, 1966ರಿಂದ 68. ಜಿಗಿತ ಮಾತ್ರ ಎಣಿಸುವವರು ಸಕಾಮೊಟೊಳನ್ನು ಒಂದು ಸಲ ನೇರ ನೋಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಗುರುವಾರ ಜೋಡಿ ಸ್ಪರ್ಧೆಯಲ್ಲಿ ಕೆನಡಾದ ಡಿಯಾನಾ ಸ್ಟೆಲ್ಲಾಟೊ ಡ್ಯೂಡೆಕ್ ಮತ್ತು ಮ್ಯಾಕ್ಸಿಂ ಡೆಶಾಂ ಗೆದ್ದರು. ಅವಳಿಗೆ ಆಗ 40 ವರ್ಷ! ಚಿಕ್ಕ ವಯಸ್ಸಿನಲ್ಲೇ ಗಾಯದಿಂದ ಆಟ ಬಿಟ್ಟು, 16 ವರ್ಷ ಬೇರೆ ಕೆಲಸ ಮಾಡಿ, ಮತ್ತೆ ಬಂದವಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಫ್ರೆಂಚ್‌ನಲ್ಲಿ ಏನೋ ಹೇಳುತ್ತಾ ಅಳುತ್ತಿದ್ದಳು. ನನಗೂ ಅಳು ಬಂತು.

ಅಕ್ಕನ ಮಗಳು ನಿನ್ನೆ ಫೋನ್ ಮಾಡಿದ್ದಳು, ಮುಂದಿನ ಸ್ಪರ್ಧೆಗಳು ಯಾವಾಗ ಅಂತ ಈಗ ಅವಳೇ ಕೇಳುತ್ತಾಳೆ. ಆಗಸ್ಟ್ ಕೊನೆಗೆ ಜೂನಿಯರ್ ಗ್ರಾನ್ ಪ್ರಿ, ಅಂದರೆ ಎಳೆಯ ಸ್ಕೇಟರ್‌ಗಳ ಸ್ಪರ್ಧೆಗಳ ಸರಣಿ, ಶುರು, ಯೂಟ್ಯೂಬ್‌ನಲ್ಲಿ ನೇರ ಬರುತ್ತದೆ. ಆಗ ನಮ್ಮಲ್ಲಿ ಜಡಿಮಳೆ, ಕರೆಂಟ್ ಇರೋದಿಲ್ಲ. ಅಷ್ಟರೊಳಗೆ ಯುಪಿಎಸ್ ಬ್ಯಾಟರಿ ಬದಲಾಯಿಸಿ ಅಂತ ಇವರಿಗೆ ಈಗಲೇ ಹೇಳಿಟ್ಟಿದ್ದೇನೆ.