ವುಡ್‌ವರ್ಡ್ ರಸ್ತೆಯ ಕೊನೆಯಲ್ಲೊಂದು ಜಿಟಿಓ

ಅಕ್ಟೋಬರ್ ತಿಂಗಳು. ಅಕ್ಕನ ಮನೆ ಮಿಶಿಗನ್‌ನ ಟ್ರಾಯ್‌ನಲ್ಲಿ. ನಾನು ಬಂದು ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಭಾವ ಕೇಳಿದರು: "ಪಾಂಟಿಯಾಕ್ ಊರಿನಲ್ಲಿ ಒಂದು 68ರ ಜಿಟಿಓ ಮಾರಾಟಕ್ಕಿದೆ. ನೋಡೋಕೆ ಹೋಗ್ತಿದ್ದೀನಿ, ಬರ್ತೀಯೇನೋ?" ಜಿಟಿಓ ಅಂದರೆ ಪಾಂಟಿಯಾಕ್ ಕಂಪನಿಯ ಜೋರು ಓಟದ ಕಾರು, ಊರಿಗೂ ಕಂಪನಿಗೂ ಒಂದೇ ಹೆಸರು. ಶಿವಮೊಗ್ಗದಲ್ಲಿ ಅಪ್ಪನ ಗ್ಯಾರೇಜಿನಲ್ಲೇ ಬೆಳೆದವನು ನಾನು. ಅರ್ಧ ಕಾಫಿ ಬಿಟ್ಟು ಎದ್ದೆ. ಹೊರಡುವ ಮುಂಚೆ ಅಕ್ಕನ ಫ್ರಿಜ್ ಮೇಲಿದ್ದ ಒಂದು ಮ್ಯಾಗ್ನೆಟ್ ಕಿತ್ತು ಜೇಬಿಗೆ ಹಾಕಿಕೊಂಡೆ.

ಟ್ರಾಯ್‌ನಿಂದ ಪಾಂಟಿಯಾಕ್ ಹತ್ತಿರವೇ. ಆದರೂ ಭಾವ ಮೊದಲು ಡೆಟ್ರಾಯಿಟ್ ಪೇಟೆಗೆ ಇಳಿದರು. "ಈ ಕಾರು ಓಡಾಡಿದ ರಸ್ತೆಯಲ್ಲೇ ಹೋಗಿ ಅದನ್ನ ನೋಡಬೇಕು" ಅಂದರು. ಆ ರಸ್ತೆಯೇ ವುಡ್‌ವರ್ಡ್ ಅವೆನ್ಯೂ. ಡೆಟ್ರಾಯಿಟ್‌ನಿಂದ ಪಾಂಟಿಯಾಕ್‌ವರೆಗೆ ಸುಮಾರು 21 ಮೈಲಿ.

ಹೈಲ್ಯಾಂಡ್ ಪಾರ್ಕ್‌ನಲ್ಲಿ ಫೋರ್ಡ್‌ನ ಹಳೇ ಕಾರ್ಖಾನೆ ಸಿಕ್ಕಿತು. 1913ರಲ್ಲಿ ಮಾಡೆಲ್ ಟಿ ಕಾರುಗಳಿಗಾಗಿ ಚಲಿಸುವ ಅಸೆಂಬ್ಲಿ ಲೈನ್ ಶುರುವಾದ ಜಾಗ. ಇವತ್ತು ಅಲ್ಲಿ ಜನ ಕಡಿಮೆ. ಕಾರು ನಿಲ್ಲಿಸಿ ಎರಡು ನಿಮಿಷ ನೋಡಿದೆವು, ಅಷ್ಟೇ. ಅದರ ಮುಂದೆ, ಆರನೇ ಮತ್ತು ಏಳನೇ ಮೈಲಿ ರಸ್ತೆಗಳ ನಡುವೆ, 1909ರಲ್ಲೇ ಕಾಂಕ್ರೀಟ್ ಹಾಕಿದ್ದ ಒಂದು ಮೈಲಿ ಬರುತ್ತದೆ.

ಎಂಟನೇ ಮೈಲಿ ರಸ್ತೆ ದಾಟಿದ ಮೇಲೆ ವುಡ್‌ವರ್ಡ್ ಅಗಲವಾಗುತ್ತದೆ. ನಡುವೆ ಹುಲ್ಲು, ಮರ. ಎಲೆಗಳೆಲ್ಲ ಕೆಂಪು, ಹಳದಿ. ಇಲ್ಲಿ ಸಿಗ್ನಲ್‌ನಲ್ಲಿ ನೇರವಾಗಿ ಎಡಕ್ಕೆ ತಿರುಗುವ ಹಾಗಿಲ್ಲ. ಮುಂದೆ ಹೋಗಿ ಯೂ ಟರ್ನ್ ತೆಗೆದು, ವಾಪಸ್ ಬಂದು ಬಲಕ್ಕೆ ತಿರುಗಬೇಕು. 60ರ ದಶಕದಲ್ಲಿ ಹುಡುಗರು ಇಲ್ಲೇ ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ ರೇಸ್ ಬಿಡುತ್ತಿದ್ದರು. 1995ರಿಂದ ಆಗಸ್ಟ್‌ನ ಮೂರನೇ ಶನಿವಾರ ಇದೇ ರಸ್ತೆಯಲ್ಲಿ ಹಳೇ ಕಾರುಗಳ ಮೆರವಣಿಗೆ, ಡ್ರೀಮ್ ಕ್ರೂಸ್, ನಡೆಯುತ್ತಿದೆ.

ಜಿಟಿಓ ಹುಟ್ಟಿದ ಕಥೆ ಭಾವನಿಗೆ ಬಾಯಿಪಾಠ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಜನರಲ್ ಮೋಟಾರ್ಸ್‌ನಲ್ಲಿ ನಿಯಮವಿತ್ತು. ಅದರದೇ ವಿಭಾಗವಾದ ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಎಂಜಿನಿಯರುಗಳು 1964ರ ಟೆಂಪೆಸ್ಟ್ ಕಾರಿಗೆ 389 ಘನ ಇಂಚಿನ ವಿ8 ಕೂರಿಸಿದರು. ಅದನ್ನು ಹೊಸ ಮಾಡೆಲ್ ಅನ್ನದೆ ಆಪ್ಷನ್ ಅಂತ ಕೊಟ್ಟರು. ನಿಯಮ ಹೊಸ ಮಾಡೆಲ್‌ಗೆ ತಾನೇ, ಆಪ್ಷನ್‌ಗೆ ಅಲ್ಲ.

ಕಾರಿನ ಮಾಲೀಕರು ನಿವೃತ್ತ ಮೆಕ್ಯಾನಿಕ್. ಶೆಡ್ಡಿನ ಬಾಗಿಲು ಮೇಲೆತ್ತಿದರು. ಕಡು ಹಸಿರು ಬಣ್ಣ, ಹಿಂದಿನ ಚಕ್ರದ ಮೇಲೆ ಸೊಂಟದ ಹಾಗೆ ಉಬ್ಬಿದ ಮೈ. ಮುಂದಿನ ಬಂಪರ್‌ಗೆ ಕ್ರೋಮ್ ಇಲ್ಲ. ಅದಕ್ಕೂ ಮೈಬಣ್ಣವೇ. ಮುಟ್ಟಿದೆ, ಲೋಹದ ತಣ್ಣನೆ ಸಿಗಲಿಲ್ಲ. ರಬ್ಬರಿನಂಥ ವಸ್ತು ಹೊದಿಸಿದ ಎಂಡ್ಯುರಾ ಬಂಪರ್ ಇದು. 68ರ ಜಾಹೀರಾತಿನಲ್ಲಿ ಅದಕ್ಕೆ ಹಾರೆಯಿಂದ ಹೊಡೆದು, ಏನೂ ಆಗಲಿಲ್ಲ ಅಂತ ತೋರಿಸಿದ್ದರು.

ಮೊದಲು ವಿಂಡ್‌ಶೀಲ್ಡ್ ಕೆಳಗಿನ ನಂಬರ್ ಓದಿದೆವು. 242378P ಅಂತ ಶುರು. 2 ಅಂದರೆ ಪಾಂಟಿಯಾಕ್, 42 ಅಂದರೆ ಜಿಟಿಓ, 37 ಎರಡು ಬಾಗಿಲಿನ ಹಾರ್ಡ್‌ಟಾಪ್, 8 ಅಂದರೆ 1968. ಕೊನೆಯ 'ಪಿ' ಇದೇ ಊರಿನ ಕಾರ್ಖಾನೆ. ಪಾಂಟಿಯಾಕ್‌ನದೇ ಸಾಧಾರಣ ಮಾಡೆಲ್ ಆದ ಲೆಮಾನ್ಸ್ ಕಾರಿಗೆ ಜಿಟಿಓ ಬಿಲ್ಲೆ ಅಂಟಿಸಿ ಮಾರುವವರೂ ಇದ್ದಾರೆ. ಅದರ ನಂಬರ್ 237ರಿಂದ ಶುರುವಾಗುತ್ತದೆ. ಆಮೇಲೆ ನಾನು ನೆಲಕ್ಕೆ ಮಲಗಿ ಚಾಸಿ ನೋಡಿದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಅದು ಕಬ್ಬಿಣವನ್ನು ತಿಂದುಬಿಡುತ್ತದೆ. ಈ ಕಾರಿನ ತಳ ಗಟ್ಟಿಯಿತ್ತು. ಡಿಕ್ಕಿಯ ನೆಲವೂ ಚೆನ್ನಾಗಿತ್ತು. ಆದರೆ ಎಡಗಡೆ ಹಿಂದಿನ ಚಕ್ರದ ಮೇಲೆ ನನ್ನ ಮ್ಯಾಗ್ನೆಟ್ ಜಾರಿತು. ಬಣ್ಣದ ಕೆಳಗೆ ಪುಟ್ಟಿ ತುಂಬಿದ್ದಾರೆ, ಅದಕ್ಕೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಹೇಳಿದ ಕೂಡಲೇ ಮಾಲೀಕರು ಟಿಂಕರಿಂಗ್ ಮಾಡಿದಾಗಿನ ಫೋಟೋಗಳನ್ನು ತಂದು ತೋರಿಸಿದರು. ನನಗೆ ಆ ಮನುಷ್ಯ ಇಷ್ಟವಾದದ್ದು ಆಗಲೇ.

ಬಾನೆಟ್ ತೆಗೆದಾಗ ಭಾವನ ಮುಖ ಸಪ್ಪೆಯಾಯಿತು. ಒಳಗಿದ್ದದ್ದು ಪಾಂಟಿಯಾಕ್‌ನ 400 ಘನ ಇಂಚಿನ ಎಂಜಿನ್ ಅಲ್ಲ, ಶೆವರ್ಲೆಯ ಎಲ್‌ಎಸ್3. 6.2 ಲೀಟರ್, 430 ಅಶ್ವಶಕ್ತಿ. ಕಾರ್ಬುರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್. ಆರು ಗೇರ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಎಸಿ ಬೇರೆ. ಹೀಗೆ ಹಳೇ ಮೈ ಉಳಿಸಿ ಒಳಗೆ ಹೊಸದು ಕೂರಿಸುವುದನ್ನು ಇಲ್ಲಿ ರೆಸ್ಟೋಮಾಡ್ ಅನ್ನುತ್ತಾರೆ. ಹಳೇ ಎಂಜಿನ್‌ಗೆ 350 ಅಶ್ವಶಕ್ತಿ ಅಂತ ಬರೆದಿದ್ದರೂ, ಆ ಕಾಲದಲ್ಲಿ ಆಲ್ಟರ್ನೇಟರ್, ಸೈಲೆನ್ಸರ್ ಎಲ್ಲ ಬಿಚ್ಚಿಟ್ಟು ಅಳೆಯುತ್ತಿದ್ದರು. ಹಾಗಾಗಿ ನಿಜವಾದ ಅಂತರ ಇನ್ನೂ ಜಾಸ್ತಿ.

"ಪಾಂಟಿಯಾಕ್ ಒಳಗೆ ಶೆವರ್ಲೆ ಇದ್ದರೆ ಅದು ಜಿಟಿಓ ಹೇಗಾಗುತ್ತೆ?" ಅಂದರು ಭಾವ.

ಮಾಲೀಕರು ಬೀಗದ ಕೈ ಚಾಚಿದರು. ಓಡಿಸಿ ನೋಡಿ ಅಂತ.

ವುಡ್‌ವರ್ಡ್‌ಗೆ ಬಂದೆವು. ಬಾನೆಟ್ ಮೇಲೆ ಕೂರಿಸಿರುವ, ಎಂಜಿನ್ ಸುತ್ತುವ ವೇಗ ತೋರಿಸುವ ಹಳೇ ಟ್ಯಾಕೋಮೀಟರ್‌ನ ಮುಳ್ಳು ಗಾಜಿನಾಚೆ ಏಳುತ್ತಿತ್ತು. ಎರಡನೇ ಗೇರಿನಲ್ಲಿ ಭಾವ ಸ್ವಲ್ಪ ಒತ್ತಿದರು. ಆ ಪಿಕಪ್! ಬೆನ್ನು ಸೀಟಿಗೆ ಅಂಟಿಕೊಂಡಿತು. ಅಷ್ಟರಲ್ಲಿ ಮುಂದಿನ ವ್ಯಾನ್ ತಟ್ಟನೆ ನಿಂತಿತು. ಭಾವ ಬ್ರೇಕ್ ಹಾಕಿದರು. ಕಾರು ಆಚೀಚೆ ಎಳೆಯದೆ ನೇರವಾಗಿ ನಿಂತಿತು. 68ರಲ್ಲಿ ಇದಕ್ಕೆ ಮಾಮೂಲಿಯಾಗಿ ಬರುತ್ತಿದ್ದದ್ದು ಡ್ರಮ್ ಬ್ರೇಕ್. ಬಿಸಿಯಾದ ಡ್ರಮ್ ಹಿಡಿಯದೇ ಹೋದರೆ ಏನಾಗುತ್ತದೆ ಅಂತ ಆಗುಂಬೆ ಘಾಟಿ ಇಳಿದು ಬಂದ ಗಾಡಿಗಳಲ್ಲಿ ನಾನು ನೋಡಿದ್ದೇನೆ.

ನನ್ನ ಅಭಿಪ್ರಾಯ ಭಾವನಿಗೆ ಅಲ್ಲೇ ಹೇಳಿದೆ. ಈ ಬದಲಾವಣೆ ನನಗೆ ಒಪ್ಪಿಗೆ. ಓಡಾಡುವ ಕಾರು ಇದು, ಬಟ್ಟೆ ಹೊದಿಸಿ ಇಡುವುದಲ್ಲ. ಆದರೆ ಚಾಸಿ ಕತ್ತರಿಸಿರಬಾರದು, ತೆಗೆದ ಸಾಮಾನು ಕಳೆದಿರಬಾರದು. ಮುಂದೊಂದು ದಿನ ಯಾರಿಗಾದರೂ ಹಳೆಯದನ್ನೇ ಕೂರಿಸಬೇಕು ಅನ್ನಿಸಿದರೆ ದಾರಿ ಇರಬೇಕು ಅಲ್ವಾ? ಕತ್ತರಿಸಿಲ್ಲ ಅಂತ ನಾನೇ ಕಣ್ಣಾರೆ ನೋಡಿದ್ದೆ.

ವಾಪಸ್ ಬಂದು ಕೇಳಿದೆವು. ಹಳೇ ಎಂಜಿನ್ ಎಲ್ಲಿ? ಮಾಲೀಕರು ಶೆಡ್ಡಿನ ಮೂಲೆಯಲ್ಲಿದ್ದ ಟಾರ್ಪಾಲು ಸರಿಸಿದರು. ಸ್ಟ್ಯಾಂಡಿನ ಮೇಲೆ 400 ನಿಂತಿತ್ತು, ಅದರದೇ ತಿಳಿನೀಲಿ ಬಣ್ಣದಲ್ಲಿ. ಕಾರ್ಬುರೇಟರ್‌ನ ಬಾಯಿಗೆ ಬಟ್ಟೆ ಕಟ್ಟಿತ್ತು. ಇದೇ ಕಾರಿನದೇನಾ ಅಂತ ನೋಡಲು, ಬ್ಲಾಕಿನ ಮೇಲೆ ಒತ್ತಿದ ನಂಬರ್ ಭಾವ ಟಾರ್ಚ್ ಹಿಡಿದು ಓದಿದರು. ಕಾರಿನ ಜೊತೆ ಇದೂ ಬರುತ್ತದೆ, ಬೇರೆ ದುಡ್ಡು ಬೇಡ ಅಂದರು ಮಾಲೀಕರು.

ಮಾಲೀಕರು ಕೇಳಿದ ಬೆಲೆಗಿಂತ ನಾಲ್ಕು ಸಾವಿರ ಡಾಲರ್ ಇಳಿಸಿ ಭಾವ ಮುಂಗಡ ಕೊಟ್ಟರು. ಮುಂದಿನ ಶನಿವಾರ ಮತ್ತೆ ಹೋಗಬೇಕು. ಕಾರು ತಾನೇ ಓಡಿಕೊಂಡು ಬರುತ್ತದೆ. ಎಂಜಿನ್‌ಗೆ ಮಾತ್ರ ಟ್ರೇಲರ್ ಬೇಕು. ಸುಮಾರು ಮುನ್ನೂರು ಕೆಜಿ ಇದ್ದೀತು. ಎತ್ತಲು ಚೈನ್ ಪುಲ್ಲಿ ಯಾರ ಹತ್ತಿರ ಸಿಗುತ್ತದೆ ಅಂತ ಭಾವ ದಾರಿಯುದ್ದಕ್ಕೂ ಫೋನಿನಲ್ಲಿ ವಿಚಾರಿಸುತ್ತಿದ್ದರು.