ಗರಿ ಯಾರದ್ದು?

ನಾನು ಹಕ್ಕಿ ನೋಡಲು ಕಾಡು ಸುತ್ತುವವಳಲ್ಲ. ಕಸೂತಿ, ಹೆಣಿಗೆ ನನ್ನ ಹುಚ್ಚು. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಗರಿಹೊದಿಕೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದ್ದೂ ಹೊಲಿಗೆ ಎಲ್ಲಿದೆ ಅಂತ ಹುಡುಕೋಕೆ. ಆದರೆ ಅದು ಹೊಲಿದದ್ದಲ್ಲ, ಹೆಣೆದದ್ದು! ಹರಕೆಕೆ ಎಂಬ ಗಿಡದ ಎಲೆಯಿಂದ ನಾರು ತೆಗೆದು, ಹೊಸೆದು, ಮಗ್ಗವಿಲ್ಲದೆ ಬೆರಳಲ್ಲೇ ಹೆಣೆಯುತ್ತಾರೆ. ಹೆಣೆಯುತ್ತಲೇ ಸಾಲಿನೊಳಗೆ ಗರಿ ಸೇರಿಸುತ್ತಾ ಹೋಗುತ್ತಾರೆ.

ಅದರಲ್ಲೂ ಕೀವಿ ಹಕ್ಕಿಯ ಗರಿಯ ಹೊದಿಕೆಗೆ ಗೌರವ ಜಾಸ್ತಿ. ಹೆಚ್ಚಿನ ಹಕ್ಕಿಗಳ ಗರಿಯ ಎಳೆಗಳು ಸಣ್ಣ ಕೊಕ್ಕೆಗಳಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೀವಿಗೆ ಆ ಕೊಕ್ಕೆ ಇಲ್ಲ. ಹಾಗಾಗಿ ಗರಿ ಕೂದಲಿನ ಹಾಗೆ ಇಳಿಬೀಳುತ್ತದೆ. ಇಂಥ ಹೊದಿಕೆ ಅಜ್ಜಿಯಿಂದ ಮೊಮ್ಮಗಳಿಗೆ ಬರುವ ಆಸ್ತಿ. ಸಾವಿನ ಮನೆಯಲ್ಲಿ ಶವಪೆಟ್ಟಿಗೆ ಮೇಲೆ ಹೊದಿಸುವುದೂ ಉಂಟು.

ಹಾಗಾದರೆ ಇವತ್ತು ಗರಿ ಎಲ್ಲಿಂದ? ಯಾರೂ ಕೀವಿ ಕೊಲ್ಲುವಂತಿಲ್ಲ. ನಾಯಿ ಕಚ್ಚಿ, ಕಾರಿಗೆ ಸಿಕ್ಕಿ ಸತ್ತ ಹಕ್ಕಿಯದ್ದೇ ಗತಿ. ಅದಕ್ಕೂ ಪರವಾನಗಿ ಬೇಕು. 1953ರ ವನ್ಯಜೀವಿ ಕಾಯ್ದೆಯಲ್ಲಿ ಇಂಥ ಹಕ್ಕಿ ಸತ್ತ ಮೇಲೂ ಸರ್ಕಾರದ ಸೊತ್ತು. ಅಜ್ಜಿ ಕಾಲದಿಂದ ಹೆಣೆದವರು ಅರ್ಜಿ ಹಾಕಿ ಕಾಯಬೇಕು, ಅಲ್ವಾ? ಇಂಥ ಹಕ್ಕುಗಳ ಬಗ್ಗೆ ಮಾವೊರಿಗಳು 1991ರಲ್ಲಿ ವೈತಾಂಗಿ ಟ್ರಿಬ್ಯೂನಲ್‌ಗೆ, ಅಂದರೆ ಸರ್ಕಾರದ ಮೇಲೆ ಮಾವೊರಿಗಳು ಕೊಡುವ ದೂರುಗಳ ವಿಚಾರಣೆ ಮಾಡುವ ಮಂಡಳಿಗೆ, ದೂರು ಕೊಟ್ಟರು. ವರದಿ ಬಂದದ್ದು 2011ರಲ್ಲಿ. ಇಪ್ಪತ್ತು ವರ್ಷ!

ಕಾಯ್ದೆಯೇ ಬೇಡ ಅಂತಲ್ಲ. ಹುಯಿಯಾ ಹಕ್ಕಿಗೆ ಏನಾಯಿತು ನೋಡಿ. ಬಿಳಿ ತುದಿಯ ಅದರ ಕಪ್ಪು ಬಾಲದ ಗರಿಯನ್ನು ಮಾವೊರಿ ಮುಖಂಡರು ತಲೆಗೆ ಮುಡಿಯುತ್ತಿದ್ದರು. ಇಡೋಕೆ ಕೆತ್ತನೆಯ ಮರದ ಪೆಟ್ಟಿಗೆಗಳನ್ನೇ ಮಾಡಿಸಿಕೊಂಡಿದ್ದರು. 1901ರಲ್ಲಿ ಬ್ರಿಟನ್ನಿನ ರಾಜಕುಮಾರ ಬಂದಾಗ ಒಂದು ಗರಿ ಅವನ ಟೋಪಿಗೂ ಏರಿತು. ಆಮೇಲೆ ಎಲ್ಲರಿಗೂ ಅದೇ ಫ್ಯಾಷನ್. ಕಾಡು ಕಡಿದದ್ದು, ಹೊರಗಿನಿಂದ ತಂದ ಇಲಿ ಮುಂತಾದ ಪ್ರಾಣಿಗಳು, ಮ್ಯೂಸಿಯಂಗಳಿಗಾಗಿ ಹಕ್ಕಿ ಹೊಡೆದವರು, ಎಲ್ಲ ಸೇರಿ ಮುಗಿಸಿಬಿಟ್ಟರು. ಖಚಿತವಾಗಿ ಕೊನೆಯ ಸಲ ಕಂಡದ್ದು 1907ರಲ್ಲಿ. 2024ರ ಹರಾಜಿನಲ್ಲಿ ಒಂದೇ ಒಂದು ಹುಯಿಯಾ ಗರಿ 46,521 ನ್ಯೂಜಿಲೆಂಡ್ ಡಾಲರಿಗೆ ಹೋಯಿತು. ನನಗೆ ಆ ಸುದ್ದಿ ಓದಿ ಸಿಟ್ಟೇ ಬಂತು.

ಕಾವಲು ಬೇಕು, ನಿಜ. ಆದರೆ ಗರಿಯ ಬೆಲೆ ತಿಳಿದವರನ್ನೇ ಬಾಗಿಲ ಹೊರಗೆ ನಿಲ್ಲಿಸೋದು ಯಾಕೆ? ಸತ್ತ ಕೀವಿಯ ಗರಿ ಯಾವ ಹೆಣಿಗೆಗಾರ್ತಿಗೆ ಹೋಗಬೇಕು ಅನ್ನೋದನ್ನು ಆಯಾ ಬುಡಕಟ್ಟಿನವರೇ ತೀರ್ಮಾನಿಸಲಿ. ಸರ್ಕಾರ ಲೆಕ್ಕ ಇಟ್ಟುಕೊಂಡರೆ ಸಾಕು.